ಕಲೆ ಇಲ್ಲದ ಸೂರ್ಯ

"ಇದೇನ್ ಸಾಬ್ರೇ ಇದು?" ಹೈಸ್ಕೂಲಿನ ಲತಾಮಣಿ ಮೇಡಂ ಎರಡು ಮರದ ಸೂರ್ಯರನ್ನು ಹಿಡಿದು ಕೂಗಿದರು. ಒಂದರ ಮೈತುಂಬ ಬಳ್ಳಿ, ಹೂವು, ನವಿಲು. ಇನ್ನೊಂದಕ್ಕೆ ಬಣ್ಣವೇ ಇಲ್ಲ, ಮುಟ್ಟಿದರೆ ಕೈಗೆ ಸಿಬರು. "ನಾಳೆ ರಾಮನಗರದಲ್ಲಿ ವಿಜ್ಞಾನ ಮೇಳ ಐತೆ!"

"ನೀವು ಕೇಳಿದ್ದೇ ಮೇಡಂ. ಕಲೆ ಇರೋ ಸೂರ್ಯ ಒಂದು, ಕಲೆ ಇಲ್ದಿರೋ ಸೂರ್ಯ ಒಂದು," ಎಂದ ಮುಷರಫ್, ಮುಖದಲ್ಲಿ ಏನೂ ತೋರಿಸದೆ.

ಚನ್ನಪಟ್ಟಣದಲ್ಲಿ ಮೂವತ್ತು ವರ್ಷ ಗೊಂಬೆ ಕಡೆದವನಿಗೆ ಕಲೆ ಬೇಡ ಎಂದವರು ಇವರೊಬ್ಬರೇ. ಅವತ್ತಿನಿಂದ ಅವನಿಗೆ ಅನ್ನ ಸೇರಿರಲಿಲ್ಲ. ಅಭ್ಯಾಸಬಲದಿಂದ ನಯ ಮಾಡಲು ಹೊರಟ ಕೈಯನ್ನು ಗದರಿಸಿ ಗದರಿಸಿ, ಮೂರು ದಿನ ಹೆಣಗಿ ಕೆಟ್ಟದಾಗಿ ಕಡೆದಿದ್ದ. ಕೆಟ್ಟ ಕೆಲಸ ಇಷ್ಟು ಕಷ್ಟವೆಂದು ಅವನಿಗೆ ಗೊತ್ತಿರಲಿಲ್ಲ.

ಮೇಡಂ ಎರಡನ್ನೂ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗಿನ ಕಾಳು ಗಿಲಕಿಯ ಹಾಗೆ ಸದ್ದು ಮಾಡಿತು. ಒರಟು ಸೂರ್ಯನ ಸ್ವರ ಕೂದಲೆಳೆಯಷ್ಟು ಇಳಿದಿತ್ತು.

"ಸದ್ದು ಮಾತ್ರ ಹೇಳಿದಂಗೇ ಐತೆ!"

"ಅದೇನ್ ಬಿಡಿ ಮೇಡಂ. ಕಲೆ ಇಲ್ದೋನ ಸ್ವರ ಇಳೀಲೇಬೇಕಲ್ಲ."

ಮೇಡಂ ಒಂದು ಗಳಿಗೆ ಅವನನ್ನೇ ನೋಡಿ ಹಣೆ ಚಚ್ಚಿಕೊಂಡರು. "ಅಯ್ಯೋ, ಆ ಕಲೆ ಅಲ್ಲ ಸಾಬ್ರೇ! ಸೂರ್ಯನ ಮೈಮೇಲೆ ಕಪ್ಪು ಚುಕ್ಕೆ ಬೀಳ್ತವಲ್ಲ, ಅದು. ಕೆಲವು ವರ್ಷ ಒಂದೂ ಕಾಣಲ್ಲ. ಆಗ್ಲೂ ಅವನು ಒಳಗೊಳಗೇ ಕಂಪಿಸ್ತಾನೇ ಇರ್ತಾನೆ, ಸ್ವರ ಮಾತ್ರ ಒಸಿ ಇಳೀತದೆ."

"ಅಂದ್ರೆ... ದಾಗಾ?"

"ಹೂಂ, ದಾಗೇ!"

ಮುಷರಫ್‌ಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಒರಟು ಸೂರ್ಯನನ್ನು ಲೇತಿಗೆ ಸಿಕ್ಕಿಸಿ, ನುಣುಪು ಮಾಡಿ, ಹಳದಿ ಅರಗಿನ ಬಣ್ಣ ಹಿಡಿಸಿದ. ಅರ್ಧ ಗಂಟೆಯಲ್ಲಿ ಅದು ಥಳಥಳ ಹೊಳೆಯಿತು. ಆಮೇಲೆ ಕಪ್ಪು ಬಣ್ಣದ ಕುಂಚ ಹಿಡಿದು ನವಿಲಿನ ಸೂರ್ಯನ ಎದುರು ಕೂತ.

"ಇದರ ಮೇಲೆ ದಾಗು ಇಡ್ಲೇಬೇಕಾ ಮೇಡಂ?"

"ಇಡ್ಲೇಬೇಕು."

ಕಣ್ಣು ಮುಚ್ಚಿ ಇಟ್ಟ. ಒಂದು, ಎರಡು, ಮೂರು. ಕಣ್ಣೊರೆಸಿಕೊಳ್ಳುವಾಗ ಕೆನ್ನೆಗೂ ಒಂದು ಮೆತ್ತಿಕೊಂಡಿತು.

"ಮೇಲೆ ಏನೂ ಕಾಣದಿದ್ರೂ ಒಳಗೆ ಸದ್ದು ಐತೆ ಅಂದ್ರೆ ಮಕ್ಕಳು ನಂಬ್ತಾವಾ?" ಎಂದು ಮೇಡಂ ಗೊಣಗಿದರು.

"ಇವರನ್ನೇ ಕರ್ಕೊಂಡ್ಹೋಗಿ," ಎಂದಳು ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಕರೀಮುನ್ನೀಸಾ. "ಮೂರು ದಿನ ಮುಖದ ಮೇಲೆ ಏನೂ ಇರ್ಲಿಲ್ಲ, ಒಳಗೆ ಮಾತ್ರ ಗುರ್‍ರ್ ಅಂತಾನೇ ಇದ್ರು."

ಮುಷರಫ್ ತಡೆಯಲಾರದೆ ಕಿಸಕ್ಕನೆ ನಕ್ಕುಬಿಟ್ಟ. ಕರೀಮುನ್ನೀಸಾ ಅವನ ಕಪ್ಪು ಕೆನ್ನೆಯತ್ತ ಬೆರಳು ತೋರಿಸಿದಳು.

"ನೋಡಿ ಮೇಡಂ, ಕಲೆ ಬಂತು. ಸ್ವರ ಏರ್ತು."