ಖಾಸಗಿ ಲೈನು

ಸುದ್ದಿವಾಹಿನಿಯಲ್ಲಿ ಯಾರ ಮಾತು ಯಾರ ಕಿವಿಗೆ ಹೋಗಬೇಕೆಂದು ನೋಡಿಕೊಳ್ಳುವುದು ದಿವಾಕರನ ಕೆಲಸ. ಇಂಟರ್‌ಕಾಮಿನ ಲೈನುಗಳನ್ನೆಲ್ಲ ಎಳೆದವನೂ ಅವನೇ, ಹೆಡ್‌ಫೋನ್ ಹಾಕಿಕೊಂಡು ಅವುಗಳನ್ನು ಕಾಯುವವನೂ ಅವನೇ. ಮೊಬೈಲು ಹತ್ತಿರವಿದ್ದರೆ ಲೈನು ಗುಂಯ್‌ಗುಡುತ್ತದೆಂದು ಅದನ್ನು ಹೊರಗಿಟ್ಟೇ ಒಳಗೆ ಬರುತ್ತಿದ್ದ.

ಆ ಮಧ್ಯಾಹ್ನ ಘಾಟಿಯಲ್ಲಿ ಬಸ್ಸು ಉರುಳಿದ ಸುದ್ದಿ ನೇರಪ್ರಸಾರವಾಗುತ್ತಿತ್ತು. ಸ್ಥಳದಲ್ಲಿದ್ದ ವರದಿಗಾರ ನಿರ್ದೇಶಕರ ಖಾಸಗಿ ಲೈನಿಗೆ ಬಂದ. ಅದರಲ್ಲಿ ತಾವಿಬ್ಬರೇ ಎಂದು ಅವರ ನಂಬಿಕೆ. ಕಾಯುವವನಿಗೆ ಎಲ್ಲ ಲೈನೂ ಕೇಳಿಸುತ್ತದೆಂಬುದು ಯಾರಿಗೂ ನೆನಪಿರುವುದಿಲ್ಲ.

"ಸರ್, ತೀರಿಕೊಂಡವರಲ್ಲಿ ಒಬ್ಬರ ಗುರುತು ಸಿಕ್ತು. ನಮ್ಮ ಆಫೀಸಿನವರ ಮನೆಯವರೇ. ಆಯುಧಪೂಜೆಗೆ ಬಂದಿದ್ರಲ್ಲ..."

ನಿರ್ದೇಶಕರು ದನಿ ತಗ್ಗಿಸಿದರು. "ಗೊತ್ತಾಯ್ತು. ಬುಲೆಟಿನ್ ಮುಗಿಯೋವರೆಗೂ ಬಾಯಿ ಬಿಡಬೇಡ. ಈಗ್ಲೇ ಹೇಳಿದ್ರೆ ಎದ್ದುಹೋಗ್ತಾರೆ, ಎಲ್ಲಾ ನಿಂತುಹೋಗುತ್ತೆ."

ದಿವಾಕರ ತಲೆಯೆತ್ತಿ ನೋಡಿದ. ಗಾಜಿನಾಚೆ ನಿರೂಪಕಿ ಮೃದುಲಾ ಸತ್ತವರ ಸಂಖ್ಯೆ ಓದುತ್ತಿದ್ದಳು. ಗಂಡ ಬೆಳಿಗ್ಗೆ ಘಾಟಿಯ ಕಡೆಗೇ ಹೊರಟಿದ್ದಾರೆಂದು ಮೈಕು ಸಿಕ್ಕಿಸಿಕೊಳ್ಳುವಾಗ ಅವಳೇ ಹೇಳಿದ್ದಳು. ಪಾಪ, ಏನೂ ಗೊತ್ತಿಲ್ಲದೆ ಓದುತ್ತಿದ್ದಾಳೆ. ಒಂದು ಮಾತೂ ಅತ್ತ ಸೋರಬಾರದೆಂದು ಅವನು ಗುಂಡಿ ತಿರುಗಿಸಿ ಅವಳ ಕಿವಿಯ ಲೈನನ್ನು ಮುಚ್ಚಿದ.

"ಪೊಲೀಸರು ಫೋನ್ ಮಾಡ್ತಾನೇ ಇದ್ದಾರೆ ಸರ್. ಎತ್ತುತ್ತಾ ಇಲ್ವಂತೆ."

"ಎತ್ತಲ್ಲ ಬಿಡು, ಫೋನ್ ಒಳಗೆ ತರಲ್ಲ. ಮೃದುಲಾ ಓದಿ ಮುಗಿಸಲಿ. ಆಮೇಲೆ ದಿವಾಕರ್ ಅವರನ್ನ ನಾನೇ ಹೊರಗೆ ಕರೆದು ಹೇಳ್ತೀನಿ."