ಸುಮ್ನೆ ಬೆರಳಾಡಿಸು

ತೆರೆಯ ಮೇಲೆ ಕೊನೆಯ ಗೋಲು ತಡೆದ ನಟಿ ಕೈಗವಸು ಕಳಚಿ, ಗ್ಯಾಲರಿಯತ್ತ ತಿರುಗಿ ಬೆರಳಾಡಿಸಿದಳು. ಪ್ರಿವ್ಯೂಗೆ ಬಂದವರೆಲ್ಲ ಚಪ್ಪಾಳೆ ತಟ್ಟಿದರು. ಮಗಳೊಂದಿಗೆ ನೋಡಲು ಬಂದಿದ್ದ ಒಬ್ಬ ತಾಯಿಯ ಚಪ್ಪಾಳೆ ಮಾತ್ರ ಅರ್ಧಕ್ಕೇ ನಿಂತಿತು. ನಟಿ ಮೊದಲು ತನ್ನ ತುಟಿಯ ಕೆಳಗೆ ಎರಡು ಬೆರಳು ತಾಗಿಸಿದ್ದಳು. ಆ ಜಾಗದಲ್ಲಿ ಮಚ್ಚೆಯಿರುವುದು ಈ ತಾಯಿಗೆ. ಕಿವಿ ಕೇಳದ ಅವಳ ಮಗಳು, ಈ ಚಿತ್ರಕ್ಕೆ ಕಥೆಯಾದ ಗೋಲ್‌ಕೀಪರ್, ಚಿಕ್ಕಂದಿನಿಂದ ಅಮ್ಮನನ್ನು ಕರೆಯುವುದೇ ಹಾಗೆ. ಮನೆಯಾಚೆ ಯಾರಿಗೂ ಗೊತ್ತಿಲ್ಲದ ಸನ್ನೆ ಅದು.

"ಈ ಹುಡುಗಿಗೆ ಸನ್ನೆ ಯಾರು ಕಲಿಸಿದ್ರು ಸರ್?" ಎಂದಳು ತಾಯಿ.

ಮುಂದಿನ ಸಾಲಿನಲ್ಲಿದ್ದ ನಿರ್ದೇಶಕ ನಕ್ಕ. "ಯಾರೂ ಕಲಿಸಿಲ್ಲಮ್ಮ. ನಿಮ್ಮ ಮಗಳನ್ನೇ ಹಾಕ್ಕೋಬಹುದಿತ್ತು, ಆದ್ರೆ ಫ್ಯಾಮಿಲಿ ಪಿಕ್ಚರ್ ಅಲ್ವಾ, ಜನಕ್ಕೆ ಗೊತ್ತಿರೋ ಮುಖ ಬೇಕು. ಇವಳಿಗೆ, ಸುಮ್ನೆ ಬೆರಳಾಡಿಸು, ಯಾರಿಗೆ ತಿಳಿಯುತ್ತೆ ಅಂದೆ. ಎಷ್ಟು ಚೆನ್ನಾಗಿ ಬಂದಿದೆ ನೋಡಿ!"

ತೆರೆಯ ಮೇಲೆ ನಟಿಯ ಮುಖ ನಗುತ್ತಲೇ ಇತ್ತು. ಕೈಗಳು ಮಾತ್ರ ಬೇರೆ ಯಾರವೋ ಎಂಬಂತೆ, ಗಾಬರಿಯಿಂದ, ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದವು: ಅಮ್ಮಾ, ನಾನು ಇಲ್ಲಿದ್ದೀನಿ. ಬೇಗ ಕರ್ಕೊಂಡು ಹೋಗು.

ತಾಯಿ ಪಕ್ಕದಲ್ಲಿ ಕೂತಿದ್ದ ಮಗಳ ಭುಜ ಹಿಡಿದು ಅಲುಗಿಸಿ, ಏನಾಯ್ತೇ ನಿಂಗೆ ಎಂದು ಕೈಸನ್ನೆಯಲ್ಲೇ ಕೇಳಿದಳು. ಮಗಳು ತಿರುಗಿದಳು. ಮುಖದ ತುಂಬ ನಟಿಯ ಅದೇ ನಗು. ಕೈಯೆತ್ತಿ ಬೆರಳುಗಳನ್ನು ಗಾಳಿಯಲ್ಲಿ ಸರಸರನೆ, ಬಲು ಚೆಂದವಾಗಿ ಆಡಿಸಿದಳು. ಅದರಲ್ಲಿ ಒಂದು ಮಾತೂ ಇರಲಿಲ್ಲ.