ಅತಿಥಿಗಳಿಗೆ ಬಾರದ ಮಾತು

ರೋವನ್ ಮತ್ತೆ ತಪ್ಪು ದಾರಿ ಹಿಡಿದ.

ಎಡಕ್ಕೆ ಹೋಗು ಎಂದು ಚಿಗುಸಾ ಹೇಳಿದ್ದಳು. ಹೇಳಿದ್ದಳು ಎಂದರೆ, ಫೋನಿನ ಅನುವಾದಕಕ್ಕೆ ಜಪಾನೀ ವಾಕ್ಯ ಕೊಟ್ಟು, ಅದು ಹೊರಹಾಕಿದ ಇಂಗ್ಲಿಷನ್ನು ನೋಡಿ ನೋಡಿ, ಒಂದೊಂದೇ ಅಕ್ಷರ ಒತ್ತಿ ಕಳಿಸಿದ್ದಳು. ಅಷ್ಟರಲ್ಲಿ ಶತ್ರುಗಳು ಬಂದಾಗಿತ್ತು. ರೋವನ್ ಸತ್ತ. ಬಿಷಪ್ ಸತ್ತ. ಹ್ಯಾರಿಸನ್ ದಿಕ್ಕು ತೋಚದೆ ಬಾವಿಗೆ ಎರಡು ಪ್ರದಕ್ಷಿಣೆ ಹಾಕಿ ಸತ್ತ. ಕೋಟೆ ಉರಿದುಹೋಯಿತು.

ಪರದೆಯ ಮೇಲೆ ಇಂಗ್ಲಿಷಿನಲ್ಲಿ ಮೂರು ಸಾಲು ಮೂಡಿದವು. ಸಾರಿ. ಸಾರಿ. ಸಾರಿ. ಅವಳೂ ಸಾರಿ ಎಂದು ಬರೆದಳು, ಹಲ್ಲು ಕಚ್ಚಿಕೊಂಡು.

ಈ ಆನ್‌ಲೈನ್ ಪಂದ್ಯಾವಳಿಯಲ್ಲಿ ಇನ್ನೊಂದೇ ಆಟ ಉಳಿದಿತ್ತು. ಅದನ್ನೂ ಸೋತರೆ ಆಟದ ನಿಯಮದಂತೆ ತಂಡ ಒಡೆಯುತ್ತದೆ. ನಾಲ್ವರೂ ನಾಲ್ಕು ದಿಕ್ಕಿಗೆ. ಚಿಗುಸಾಗೆ ಅದೇ ಸಂಕಟ. ಉತ್ತರ ಜಪಾನಿನ ಸೆಂದಾಯ್ ನಗರದಲ್ಲಿ ಕಟ್ಟುಹಲ್ಲು ಮಾಡುವುದು ಅವಳ ಕಸುಬು. ವಾರವಿಡೀ ಅಚ್ಚುಗಳ ನಡುವೆ ಒಬ್ಬಳೇ. ಎದುರಿಗೆ ನೂರು ಬಾಯಿ, ಒಂದಕ್ಕೂ ಮಾತಿಲ್ಲ. ಭಾನುವಾರದ ಬೆಳಿಗ್ಗೆ ಈ ಮೂವರ ಜೊತೆ ಕಳೆಯುವ ಎರಡು ಗಂಟೆಯೇ ಅವಳ ಪಾಲಿಗೆ ದೇವರು ಕೊಟ್ಟ ಬಳಗ.

ಹನ್ನೊಂದು ತಿಂಗಳ ಹಿಂದೆ ಆ ಮೂರು ಇಂಗ್ಲಿಷ್ ಹೆಸರುಗಳನ್ನು ಕಂಡು ಅವಳೇ ಮೊದಲು ‘ಹಲೋ’ ಎಂದಿದ್ದಳು. ಮೇಪಲ್ ಎಂಬ ಹೆಸರಿಟ್ಟುಕೊಂಡು ಆಡುತ್ತಿದ್ದಳು. ಎದುರಿನವರ ಭಾಷೆಯಲ್ಲಿ ಮಾತಾಡಿಸುವುದು ಮರ್ಯಾದೆ. ತನ್ನ ಮಾತು ಅರ್ಥವಾಗದೆ ಅವರು ಮುಜುಗರಪಡಬಾರದು. ಕಷ್ಟವಿದ್ದರೆ ತನಗಿರಲಿ.

ಒಳ್ಳೆಯ ಜನ, ಅದರಲ್ಲಿ ಎರಡು ಮಾತಿಲ್ಲ. ಮೈಕಿನಲ್ಲಿ ಒಬ್ಬರೂ ಮಾತಾಡುತ್ತಿರಲಿಲ್ಲ. ತನ್ನ ಉಚ್ಚಾರದ ಮೇಲಿನ ಕರುಣೆಯೆಂದೇ ಅವಳು ತಿಳಿದಿದ್ದಳು. ಮಾರ್ಚಿನಲ್ಲಿ ಆಟದ ನಡುವೆ ಭೂಮಿ ನಡುಗಿದಾಗ ಅವಳು ಎದ್ದು ಕಪಾಟನ್ನು ಒತ್ತಿ ಹಿಡಿದು ನಿಂತಿದ್ದಳು. ಮರಳಿ ಬಂದು ನೋಡಿದರೆ ಮೂವರೂ ನಿಂತಲ್ಲೇ ಕಲ್ಲಿನಂತೆ ನಿಂತಿದ್ದರು. ತನಗಾಗಿ ಕಾದಿದ್ದಾರೆ! ಅವಳ ಕಣ್ಣು ತುಂಬಿತ್ತು.

ಆದರೆ ಒಳ್ಳೆಯತನದಿಂದ ಕೋಟೆ ಉಳಿಯುವುದಿಲ್ಲವಲ್ಲ. ಬಿಷಪ್‌ನ ಒಂದು ಸಾಲು ಬರಲು ನಿಮಿಷ ಹಿಡಿಯುತ್ತಿತ್ತು. ಬಂದರೂ ಹೀಗೆ: ‘ಸಾಧ್ಯವಿದ್ದರೆ ಬಲಭಾಗ ಬಹುಶಃ ಒಳ್ಳೆಯದೇನೋ ಎಂದು ಅನ್ನಿಸುತ್ತದೆ.’ ಇದೆಂಥ ಆಜ್ಞೆ? ಹೋಗಬೇಕೋ ನಿಲ್ಲಬೇಕೋ?

ಅಡುಗೆಮನೆಯಿಂದ ಅಕ್ಕ ಹರುಯೆ ಇಣುಕಿದಳು. ಭಾನುವಾರ ತಂಗಿಯ ಮನೆಗೆ ಬದನೆಕಾಯಿ ಉಪ್ಪಿನಕಾಯಿ ತರುವುದು ಅವಳ ವಾಡಿಕೆ.

“ಏನೇ, ನಿನ್ನ ಪರದೇಶಿಗಳು ಇವತ್ತೂ ಮುಳುಗಿಸಿದ್ರಾ?”

“ಸುಮ್ನಿರಕ್ಕ. ನಾನು ಬರೆದಿದ್ದು ಅವರಿಗೆ ತಿಳಿಯಲ್ಲ, ಅವರು ಬರೆದಿದ್ದು ನನಗೆ ತಿಳಿಯಲ್ಲ. ತಲೆ ಚಚ್ಕೋಬೇಕು ಅನ್ಸುತ್ತೆ.”

“ಜಪಾನೀಲೇ ಒಂದ್ಸಲ ಬೈದುಬಿಡು. ಬೈಗುಳ ಯಾವ ದೇಶದವರಿಗೂ ಅರ್ಥ ಆಗುತ್ತೆ.”

“ಅತಿಥಿಗಳ ಮುಂದೆ ಅವರಿಗೆ ಬಾರದ ಮಾತಾಡೋದು ಮರ್ಯಾದೆನಾ?”

“ಮರ್ಯಾದೆ ಮಾಡ್ತಾ ಮಾಡ್ತಾ ನೀವು ನಾಲ್ಕೂ ಜನ ಸಾಯ್ತೀರ ನೋಡು,” ಎಂದು ಹರುಯೆ ಉಪ್ಪಿನಕಾಯಿ ಹೆಚ್ಚಲು ಹೋದಳು.

ಕೊನೆಯ ಆಟ ಶುರುವಾಯಿತು. ನಾಲ್ವರೂ ಎಂದಿನಂತೆ ಪರಸ್ಪರ ತಲೆಬಾಗಿದರು. ತನ್ನನ್ನು ನೋಡಿ ಕಲಿತಿರಬೇಕು, ಪಾಪ.

ಹತ್ತು ನಿಮಿಷ ಹೇಗೋ ತಡೆದರು. ಆಮೇಲೆ ಶತ್ರುವಿನ ಇಡೀ ದಂಡು ಸೇತುವೆಯ ಕಡೆ ತಿರುಗಿದ್ದು ಚಿಗುಸಾಳ ಕಣ್ಣಿಗೆ ಬಿತ್ತು. ಸೇತುವೆಯಲ್ಲಿ ಯಾರೂ ಇರಲಿಲ್ಲ. ರೋವನ್ ಎಡಗಡೆ ಬಾಗಿಲಲ್ಲಿ, ಬಿಷಪ್ ಗೋಪುರದಲ್ಲಿ, ಹ್ಯಾರಿಸನ್ ಬಾವಿಯ ಬಳಿ. ಅವಳು ಫೋನಿಗೆ ಕೈಹಾಕಿದಳು. ಅನುವಾದಕ ತಿರುಗುತ್ತಿತ್ತು. ತಿರುಗುತ್ತಲೇ ಇತ್ತು. ಪರದೆಯಲ್ಲಿ ಬಿಷಪ್‌ನ ಸಾಲು ಅರ್ಧಕ್ಕೆ ಬಂತು: ‘ಸಾಧ್ಯವಿದ್ದರೆ...’

ಹನ್ನೊಂದು ತಿಂಗಳ ಸಹನೆ ಒಮ್ಮೆಲೇ ಹರಿದುಹೋಯಿತು. ಅವಳು ಫೋನನ್ನು ದಿಂಬಿನ ಮೇಲೆ ಎಸೆದಳು. ಬೆರಳು ತಾನಾಗಿ ತಾಯ್ನುಡಿಗೆ ಹೊರಳಿತು.

“ಏನ್ ಬಾವಿ ಕಾಯ್ತಾ ಕೂತಿದ್ದೀರೋ, ಕತ್ತೆಗಳಾ! ಬಾಗಿಲು ಸುಟ್ಟುಹೋಗ್ಲಿ ಬಿಡಿ! ಮೂವರೂ ಸೇತುವೆಗೆ ಬನ್ನಿ, ಓಡಿ!”

ಮೂವರೂ ಓಡಿದರು.

ಅರೆಕ್ಷಣವೂ ತಡೆಯಲಿಲ್ಲ. ರೋವನ್ ಬಾಗಿಲು ಬಿಟ್ಟ, ಬಿಷಪ್ ಗೋಪುರದಿಂದ ಧುಮುಕಿದ, ಹ್ಯಾರಿಸನ್ ಎಲ್ಲರಿಗಿಂತ ಮೊದಲು ಸೇತುವೆ ತಲುಪಿದ. ದಂಡು ಅಲ್ಲೇ ನೀರುಪಾಲಾಯಿತು. ಕೋಟೆ ಉಳಿಯಿತು. ತಂಡವೂ ಉಳಿಯಿತು.

ಚಿಗುಸಾ ಹಿಗ್ಗಲಿಲ್ಲ. ಅವಳ ಕೆನ್ನೆ ಉರಿಯುತ್ತಿತ್ತು. ಕತ್ತೆಗಳು ಎಂದುಬಿಟ್ಟೆನಲ್ಲ! ಇಂಗ್ಲಿಷಿನಲ್ಲಿ ಕ್ಷಮೆ ಹೇಗೆ ಕೇಳಲಿ ಎಂದು ಅವಳು ಫೋನು ಹುಡುಕುತ್ತಿರುವಾಗಲೇ ಪರದೆಯಲ್ಲಿ ಬಿಷಪ್‌ನ ಸಾಲುಗಳು ಮೂಡಿದವು. ಅಚ್ಚ ಜಪಾನಿಯಲ್ಲಿ, ಸರಸರನೆ, ಒಂದೂ ತಪ್ಪಿಲ್ಲದೆ.

“ಮೇಪಲ್ ಅವರೇ, ಉತ್ತರ ಜಪಾನಿನ ಇವಾತೆಯ ನಾವು ಮೂವರು ಗೆಳೆಯರು ನಿಮಗೆ ಕಷ್ಟವಾಗಬಾರದು ಅಂತ ಇಷ್ಟು ದಿನ ಇಂಗ್ಲಿಷ್ ನಿಘಂಟು ಹಿಡ್ಕೊಂಡು ಒದ್ದಾಡಿದ್ವಿ, ನಿಮ್ಮ ಜಪಾನೀ ಎಷ್ಟು ಚೆನ್ನಾಗಿದೆ, ಎಲ್ಲಿ ಕಲಿತ್ರಿ?”